ಮೂರು ಕಂಪ್ಯೂಟರಿಗೆ ಒಂದೇ ಪಟ್ಟಿ

ಮನೆಯಲ್ಲಿ ಅವಳನ್ನು ಪೊರಕೆ ಎಂದೇ ಕರೆಯುತ್ತಿದ್ದರು. ತಮ್ಮ ಚಿಕ್ಕವನಿದ್ದಾಗ ಇಟ್ಟ ಹೆಸರು, ಐವತ್ತು ದಾಟಿದರೂ ಬಿಟ್ಟು ಹೋಗಿರಲಿಲ್ಲ. ಆಸ್ಪತ್ರೆಯ ಬಟ್ಟೆ ಉಗ್ರಾಣ ಅವಳ ಕೈಯಲ್ಲಿತ್ತು. ಒಗೆದು ಬಂದ ಹೊದಿಕೆಯಲ್ಲಿ ಸಾಸಿವೆಯಷ್ಟು ಕಲೆ ಕಂಡರೂ ಕಟ್ಟು ಸಮೇತ ವಾಪಸು ಕಳಿಸುವವಳು. ಮನೆಗೆ ಬಂದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. "ಪೊರಕೆ ಬಂತು, ಧೂಳೆಲ್ಲ ಜೀವ ಉಳಿಸ್ಕೊಳ್ಳಿ" ಎಂದು ತಮ್ಮ ಹೇಳಿದರೆ ಅಪ್ಪ ಕುರ್ಚಿಯಲ್ಲೇ ಕುಲುಕುಲು ನಗುತ್ತಿದ್ದರು.

ಅಪ್ಪ ಗಡಿಯಾರ ರಿಪೇರಿಯವರು. ಅಂಗಡಿ ಮುಚ್ಚಿ ಏಳು ವರ್ಷ, ಕಣ್ಣು ಪೂರ್ತಿ ಹೋಗಿ ಒಂದೂವರೆ ವರ್ಷ. ಪ್ರಾಯದಲ್ಲಿ ಅವರಿಗಿದ್ದದ್ದು ಒಂದೇ ಚಟ, ಅಂಗೈಯಗಲದ ಒಂದು ಕ್ಯಾಮೆರಾ. ಸದ್ದಿಲ್ಲದ, ಮೂರು ಮೂರು ನಿಮಿಷದ ಮುನ್ನೂರ ಹನ್ನೆರಡು ರೀಲುಗಳು. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ತಮ್ಮ ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಮೆಟ್ಟಿಲ ಕೆಳಗಿನ ಒಂದು ಡಿಸ್ಕ್ ಪೆಟ್ಟಿಗೆಯಲ್ಲಿ ಸಿನಿಮಾ, ಹಾಡುಗಳ ಜೊತೆ ಇಟ್ಟಿದ್ದ.

ಮನೆಯಲ್ಲಿ ಮೂರು ಕಂಪ್ಯೂಟರು: ಹಜಾರದಲ್ಲಿ ಟಿವಿಗೆ ಸೇರಿಸಿದ್ದು, ಅಪ್ಪನ ಕೋಣೆಯದ್ದು, ಮಹಡಿಯ ಮೇಲೆ ಅವಳದ್ದು. ಮೊದಲು ಮೂರಕ್ಕೂ ಪೆಟ್ಟಿಗೆಯಲ್ಲಿದ್ದ ಸಿನಿಮಾ, ರೀಲುಗಳ ಬೇರೆ ಬೇರೆ ಪಟ್ಟಿ ಇತ್ತು. ಒಂದರಲ್ಲಿ ನೋಡಿದ್ದು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ, ಒಂದೇ ಮನೆಯಲ್ಲಿ ಮೂರು ಒಲೆ ಹೂಡಿದ ಹಾಗೆ. ತಮ್ಮ ಮೂರನ್ನೂ ಕೂಡಿಸಿ ಒಂದೇ ಪಟ್ಟಿ ಮಾಡಿ ಹಜಾರದ ಕಂಪ್ಯೂಟರಿನಲ್ಲಿಟ್ಟ. ಆಮೇಲೆ ಹಜಾರದಲ್ಲಿ ಅರ್ಧಕ್ಕೆ ಬಿಟ್ಟ ಸಿನಿಮಾ ಮಹಡಿಯಲ್ಲಿ ಅಲ್ಲಿಂದಲೇ ಮುಂದುವರಿಯುತ್ತಿತ್ತು. ಒಬ್ಬರು ಬರೆದದ್ದು ಮೂರು ಕಡೆಯೂ ಕಾಣುತ್ತಿತ್ತು.

ಅದರಲ್ಲಿ ಬರೆಯುತ್ತಿದ್ದವರು ಅಪ್ಪ ಒಬ್ಬರೇ. ಕಣ್ಣು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ದಿನದಿಂದ ಎರಡು ವರ್ಷ, ಗಡಿಯಾರದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಮೂಗು ಪರದೆಗೆ ತಾಗುವಷ್ಟು ಹತ್ತಿರ ಕೂತು, ಒಂದೊಂದು ರೀಲನ್ನೂ ನೋಡಿ ಅದರ ವಿವರದ ಜಾಗದಲ್ಲಿ ಬರೆದರು. ಯಾರು, ಎಲ್ಲಿ, ಏಕೆ ನಗುತ್ತಿದ್ದಾರೆ, ಚೌಕಟ್ಟಿನ ಆಚೆ ಯಾರು ನಿಂತಿದ್ದರು ಎಲ್ಲವೂ. ಕಣ್ಣು ಹೋದ ಮೇಲೆ ಕಂಪ್ಯೂಟರು ಅದನ್ನು ಗಟ್ಟಿಯಾಗಿ ಓದುತ್ತಿತ್ತು. ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದು ರೀಲು ಹಾಕಿಕೊಂಡು ಅಪ್ಪ ಆ ಓದನ್ನು ಕೇಳುತ್ತಿದ್ದರು. ಅವರ ಪಾಲಿಗೆ ಅದೇ ನೋಡುವುದು.

ಆ ಭಾನುವಾರ ಬೆಳಿಗ್ಗೆ ಅವಳು ಮೆಟ್ಟಿಲ ಕೆಳಗೆ ಗುಡಿಸಲು ಹೋದಳು. ಡಿಸ್ಕ್ ಪೆಟ್ಟಿಗೆಯ ವೈರು ಕಿತ್ತು, ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ನೆಲ ಒರೆಸಿ, ಒಣಗಲಿ ಎಂದು ಬಿಟ್ಟು ಮಹಡಿಗೆ ಹೋಗಿ ಕೂತಳು. ಒಂದು ಹಳೆಯ ಸಿನಿಮಾ ಒತ್ತಿದಳು, ತೆರೆಯಲಿಲ್ಲ. ಇನ್ನೊಂದು, ಅದೂ ಇಲ್ಲ. ಹೆಸರಿದೆ, ಒಳಗೆ ಏನೂ ಇಲ್ಲ. ಸತ್ತ ಹೆಸರುಗಳನ್ನು ಪಟ್ಟಿಯಲ್ಲಿ ಯಾಕೆ ಇಟ್ಟುಕೊಳ್ಳಬೇಕು ಎಂದು ಅವಳ ಕೈ ತುರಿಸಿತು. 'ಪಟ್ಟಿಯನ್ನು ಶುಚಿಗೊಳಿಸಿ' ಎಂಬ ಗುಂಡಿ ಅಲ್ಲೇ ಇತ್ತು. ಅವಳಿಗೆ ಹೇಳಿ ಮಾಡಿಸಿದ ಹಾಗೆ. ಸಿಗದವುಗಳನ್ನೆಲ್ಲ ತೆಗೆಯಲೇ ಎಂದು ಅದು ಕೇಳಿತು. ತೆಗೆ ಎಂದಳು.

ಪೆಟ್ಟಿಗೆಯ ವೈರು ಕಿತ್ತವಳು ತಾನೇ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ, ತನ್ನ ಕಂಪ್ಯೂಟರನ್ನು ತಾನು ಗುಡಿಸಿಕೊಂಡರೆ ಯಾರಿಗೇನು ಎಂದೇ ಅಂದುಕೊಳ್ಳುತ್ತಿದ್ದಳೇನೋ. ನಾಲ್ಕು ವರ್ಷ ಒಂದೇ ಪಟ್ಟಿಯಲ್ಲಿ ಬಾಳಿದರೂ ಮಹಡಿಯದ್ದು ತನ್ನದು ಎಂಬ ಎಣಿಕೆ ಅವಳ ತಲೆಯಿಂದ ಹೋಗಿರಲಿಲ್ಲ.

ನೆಲ ಒಣಗಿತು. ವೈರು ಸಿಕ್ಕಿಸಿದಳು. ಅರ್ಧ ಗಂಟೆಯಲ್ಲಿ ಪಟ್ಟಿ ತಾನಾಗಿ ಮತ್ತೆ ತುಂಬಿಕೊಂಡಿತು. ಸಿನಿಮಾಗಳು ಚಿತ್ರ ಸಮೇತ ಹಾಜರು. ನೋಡು, ಎಷ್ಟು ಚೊಕ್ಕ ಎಂದು ಹಿಗ್ಗಿದಳು.

ಮಧ್ಯಾಹ್ನ ಅಪ್ಪನ ಕೋಣೆಯಿಂದ ಯಂತ್ರದ ದನಿ ಕೇಳಿತು. "ರೀಲು ನೂರ ಹದಿನಾಲ್ಕು. ವಿವರ ಇಲ್ಲ." ಸ್ವಲ್ಪ ಹೊತ್ತು ಬಿಟ್ಟು, "ರೀಲು ನೂರ ಹದಿನೈದು. ವಿವರ ಇಲ್ಲ." ಏಳೆಂಟು ಸಲ ಹಾಗೇ ಆದ ಮೇಲೆ ಅಪ್ಪ ಕರೆದರು.

"ಮಗಳೇ, ಇದಕ್ಕೇನಾಗಿದೆ ನೋಡು. ಮಾತೇ ಬಿಟ್ಟಿದೆ, ನನ್ನ ಮೇಲೆ ಮುನಿಸ್ಕೊಂಡ ಹಾಗೆ."

ಅವಳು ತಮ್ಮನಿಗೆ ಫೋನು ಮಾಡಿದಳು. ಅವನು ಗ್ರೀಸು ಹತ್ತಿದ ಅಂಗಿಯಲ್ಲೇ ಬಂದು ಹಜಾರದ ಕಂಪ್ಯೂಟರಿನ ಮುಂದೆ ಕೂತ. ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಸರಿಸಿ ನೋಡಿದ.

"ಅಕ್ಕ, ಪೆಟ್ಟಿಗೆ ಆಫ್ ಇದ್ದಾಗ ಶುಚಿ ಒತ್ತಿದ್ಯಾ?"

"ನನ್ನದ್ರಲ್ಲಿ ಒತ್ತಿದೆ ಕಣೋ. ಇಲ್ಲಿ ಮುಟ್ಟೇ ಇಲ್ಲ."

"ನಿನ್ನದು ಅಂತ ಎಲ್ಲಿದೆ? ಬಾವಿ ಒಂದೇ, ಹಗ್ಗ ಮೂರು. ಪೆಟ್ಟಿಗೆ ಸಿಗ್ಲಿಲ್ಲ ಅಂತ ಎಲ್ಲ ಅಳಿಸಿ ಹಾಕಿದೆ. ಸಿನಿಮಾ ವಿವರ ನೆಟ್‌ನಿಂದ ವಾಪಸ್ ಬಂತು. ಅಪ್ಪ ಬರೆದದ್ದು ಯಾವ ನೆಟ್‌ನಲ್ಲಿರುತ್ತೆ?"

"ನಕಲು ಇಟ್ಟಿರ್ತೀಯಲ್ಲ ನೀನು."

ತಮ್ಮ ಹಣೆ ಉಜ್ಜಿಕೊಂಡ. "ಇದೆ. ಅಪ್ಪ ಬರೆಯೋಕೆ ಶುರು ಮಾಡೋ ಮುಂಚಿನದು. ನಾಳೆ ತೆಗೀತೀನಿ, ನಾಳೆ ತೆಗೀತೀನಿ ಅಂದೇ ಮೂರೂವರೆ ವರ್ಷ ಹೋಯ್ತು. ನಿನ್ನೊಬ್ಬಳನ್ನೇ ಅಂದು ಏನು ಮಾಡ್ಲಿ." ಆಮೇಲೆ ಏನೋ ನೆನಪಾದವನಂತೆ ತಿರುಗಿದ. "ನೀನು ಓದಿದ್ಯಲ್ಲ? ಮಹಡೀಲೂ ಕಾಣ್ತಿತ್ತು. ನೆನಪಿರೋದನ್ನ ಹೇಳು, ಬರ್ಕೊಳ್ಳೋಣ. ನಾನು ಒಂದಿಪ್ಪತ್ತು ಓದಿದ್ದೆ."

ಅವಳು ಒಂದನ್ನೂ ಓದಿರಲಿಲ್ಲ. ಪಟ್ಟಿಯಲ್ಲಿ ರೀಲುಗಳ ಸಾಲು ಬಂದಾಗಲೆಲ್ಲ ದಾಟಿಸಿ ಸಿನಿಮಾಗೆ ಹೋಗುತ್ತಿದ್ದಳು. ಅಪ್ಪ ಕೆಳಗೇ ಇದ್ದಾರೆ, ಅವರ ಬರಹ ಎಲ್ಲಿಗೆ ಹೋಗುತ್ತೆ, ಎಂದಾದರೂ ಓದಿದರಾಯಿತು ಎಂದುಕೊಂಡಿದ್ದಳು.

ಅಪ್ಪನಿಗೆ ಅವಳೇ ಹೇಳಿದಳು. ಅವರು ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಕುರ್ಚಿಯ ಕೈಯನ್ನು ಬೆರಳಿನಿಂದ ಸವರುತ್ತಾ, "ಹೋದದ್ದು ಹೋಯ್ತು. ನೀನು ನೋಡಿ ಹೇಳು, ನಾನು ಗುರುತು ಹಿಡೀತೀನಿ" ಎಂದರು.

ಮರುದಿನ ಕೆಲಸಕ್ಕೆ ರಜೆ ಹಾಕಿ ಅಪ್ಪನ ಪಕ್ಕ ಕೂತಳು. ಮೊದಲನೆಯ ರೀಲು.

"ಒಬ್ಬ ಗಂಡಸು ಬಾಗಿಲ ಹತ್ರ ನಿಂತಿದಾನೆ ಅಪ್ಪ."

"ನನ್ನ ಅರ್ಧ ರೀಲಲ್ಲಿ ಗಂಡಸರು ಬಾಗಿಲ ಹತ್ರಾನೇ ನಿಂತಿದಾರೆ. ಗಡಿಯಾರ ಯಾವ ಕೈಯಲ್ಲಿದೆ?"

"ಬಲಗೈ."

"ನಿಮ್ಮ ಸೋದರಮಾವ. ಬರ್ಕೋ. ಸಾಲ ಕೇಳೋಕೆ ಬಂದು, ಕ್ಯಾಮೆರಾ ನೋಡಿ ಅತಿಥಿ ಥರ ನಿಂತ್ಕೊಂಡ."

ಹಾಗೆ ಸಂಜೆಯವರೆಗೆ ಹದಿನಾರು ರೀಲು ನೋಡಿದರು. ಏಳು ಸಿಕ್ಕವು. ಮಿಕ್ಕವು ಗೊತ್ತಾಗಲಿಲ್ಲ ಎಂದು ಅಪ್ಪ ತಲೆಯಾಡಿಸಿದರು. ಹದಿನೇಳನೆಯದರಲ್ಲಿ ಒಂದು ಹುಡುಗಿ ಕ್ಯಾಮೆರಾಗೆ ಬೆನ್ನು ಹಾಕಿ ಕಿಟಕಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು. ಮೂರು ನಿಮಿಷವೂ ತಿರುಗಲಿಲ್ಲ. ಬಟ್ಟೆಯಿಂದ ಒಂದೇ ಗಾಜನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು. ಕಂಡದ್ದನ್ನೆಲ್ಲ ಅಪ್ಪನಿಗೆ ಹೇಳಿದಳು.

"ನೀನೇ ಅದು" ಎಂದರು ಅಪ್ಪ. ಅವರ ಮುಖ ಅರಳಿತು. "ಅದಕ್ಕೆ ಎಲ್ಲಕ್ಕಿಂತ ಉದ್ದ ಬರೆದಿದ್ದೆ."

"ಏನಂತ ಬರೆದಿದ್ರಿ ಅಪ್ಪ?"

"ನೋಡ್ತಾ ಬರೆದದ್ದು ಕಣಮ್ಮ. ಆಮೇಲೆ ದಿನಾ ಕೇಳ್ತಿದ್ದೆನಲ್ಲ, ನೆನಪಿಟ್ಕೋಬೇಕು ಅಂತ ಅನ್ನಿಸ್ಲೇ ಇಲ್ಲ. ಅವತ್ತು ನಿಂಗೂ ನಂಗೂ ಏನೋ ಜಗಳ ಆಗಿತ್ತು. ತಪ್ಪು ನಂದೇ ಇತ್ತು ಅಂತ ಬರೆದಿದ್ದೆ, ಅಷ್ಟು ಗೊತ್ತು. ಏನು ತಪ್ಪು ಅನ್ನೋದು ಈಗ..." ಕೈ ತಿರುವಿದರು. "ನೀನು ಓದಿರ್ತೀಯ ಅಂದ್ಕೊಂಡಿದ್ದೆ. ಬರೆದ ಹೊಸದ್ರಲ್ಲಿ ಎಷ್ಟೋ ದಿನ ಕಾದೆ, ಕೆಳಗೆ ಬಂದು ಏನಾದ್ರೂ ಹೇಳ್ತೀಯೇನೋ ಅಂತ. ಪುಸ್ತಕದಲ್ಲಿ ಬರೀಬಹುದಿತ್ತು. ಪಟ್ಟೀಲಿ ಬರೆದ್ರೆ ಮಹಡೀಲೂ ಕಾಣುತ್ತೆ ಅಂದಿದ್ದ ನಿನ್ನ ತಮ್ಮ."

ಓದಿದ್ದೆ ಎಂದು ಒಂದು ಮಾತು ಹೇಳಿಬಿಟ್ಟರೆ ಮುಗಿಯುತ್ತಿತ್ತು. ಅವರಿಗೆ ಅವಳ ಮುಖವೂ ಕಾಣುತ್ತಿರಲಿಲ್ಲ.

"ಓದ್ಲಿಲ್ಲ ಅಪ್ಪ" ಎಂದಳು.

ಅಪ್ಪ ತಲೆಯಾಡಿಸಿದರು. ಅವಳ ಕೈ ಎಲ್ಲಿದೆ ಎಂದು ತಡಕಿ, ಸಿಕ್ಕಿದ ಮೇಲೆ ಎರಡು ಸಲ ತಟ್ಟಿ, "ಆಗ್ಲಿ, ಮುಂದಿನದು ಹಾಕು" ಎಂದರು.

ಅವಳು ಹಾಕಲಿಲ್ಲ. ಆ ಜಗಳ ಯಾವುದೆಂದು ಅವಳಿಗೂ ನೆನಪಿರಲಿಲ್ಲ. ವಿವರದ ಜಾಗದಲ್ಲಿ 'ಮಗಳು, ಕಿಟಕಿಯ ಮುಂದೆ' ಎಂದಷ್ಟು ಬರೆದು, ಇನ್ನೂ ಏನಾದರೂ ಹೊಳೆಯುತ್ತದೆಯೇ ಎಂದು ಆ ಬೆನ್ನನ್ನೇ ನೋಡುತ್ತಾ ಕೂತಳು.