ಒಂದೇ ಸೀಟಿನ ಗಾಡಿ

ಪೆಟ್ರೋಲು ಕೈಗೆಟುಕದಂತಾಯಿತು ಎಂದು ಅವಳು ಮೂರು ವಾರದಿಂದ ಹೇಳುತ್ತಿದ್ದಳು. ಆಸ್ಪತ್ರೆಗೆ ಹೋಗಿಬರಲು ಒಂದು ಪುಟ್ಟ ಸ್ಕೂಟರ್ ಸಾಕು, ಈ ಕಾರು ಆನೆ ಸಾಕಿದ ಹಾಗೆ ಎಂದು ಬಟ್ಟೆ ಮಡಿಸುವಾಗ, ಬಡಿಸುವಾಗ, ಬಾಗಿಲು ಹಾಕುವಾಗ ಜಪದಂತೆ ಹೇಳುತ್ತಿದ್ದಳು. ಹೇಳಿದ್ದು ಸುಳ್ಳಲ್ಲ. ಆದರೆ ನಿಜವಾದ ಮಾತು ಬೇರೆ ಇತ್ತು. ಅದು ಗಂಟಲು ದಾಟಿ ಬರುತ್ತಿರಲಿಲ್ಲ.

ಆಪರೇಷನ್ನಿಗೆ ಬೇಕಾದ ಕತ್ತರಿ, ಇಕ್ಕಳ, ಕೊಕ್ಕೆಗಳನ್ನು ತೊಳೆದು, ಎಣಿಸಿ, ಬಟ್ಟೆಯಲ್ಲಿ ಸುತ್ತಿ, ಹಬೆಯ ಯಂತ್ರದೊಳಗಿಟ್ಟು ಶುದ್ಧ ಮಾಡುವುದು ಅವಳ ಕೆಲಸ. ಒಂಬತ್ತಕ್ಕೆ ಮೊದಲ ಆಪರೇಷನ್. ಎಂಟಕ್ಕೆ ಯಂತ್ರ ಶುರುವಾಗದಿದ್ದರೆ ಒಂಬತ್ತಕ್ಕೆ ಡಾಕ್ಟರು ಬರಿಗೈಯಲ್ಲಿ ನಿಲ್ಲಬೇಕು. ಆ ತಿಂಗಳು ಅವಳು ಒಂಬತ್ತು ಸಲ ತಡವಾಗಿ ಹೋಗಿದ್ದಳು. ದೊಡ್ಡ ನರ್ಸು ಅವಳನ್ನು ಪಕ್ಕಕ್ಕೆ ಕರೆದಿದ್ದಳು.

"ಹನ್ನೆರಡು ವರ್ಷ ಪಳಗಿದ ಕೈ ನಿಂದು, ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಇನ್ನೊಂದು ಸಲ ಹೀಗಾದ್ರೆ ನಿನ್ನನ್ನ ಹಾಸಿಗೆ ಬಟ್ಟೆ ಒಗೆಯೋ ಕಡೆ ಹಾಕಬೇಕಾಗತ್ತೆ. ಆಮೇಲೆ ನನ್ನ ಬೈಕೋಬೇಡ."

ಆ ಒಂಬತ್ತು ದಿನಗಳಲ್ಲಿ ಒಂದು ದಿನವೂ ಅವಳು ತಡವಾಗಿ ಎದ್ದವಳಲ್ಲ.

ಮನೆಯಲ್ಲಿ ಕಾರು ಓಡಿಸಲು ಬರುವುದು ಅವಳೊಬ್ಬಳಿಗೇ. ಗಂಡ ಕಲಿಯಲು ಹೋಗಿ ಮೊದಲ ದಿನವೇ ಗೇಟಿಗೆ ಗುದ್ದಿ, ಗೇಟಿಗೂ ಕಾರಿಗೂ ಕೈಮುಗಿದು ಇಳಿದಿದ್ದ. ಮೈದುನ "ಅತ್ತಿಗೆ ಇರೋವಾಗ ನನಗ್ಯಾಕೆ" ಎಂದು ಆ ಗೋಜಿಗೇ ಹೋಗಲಿಲ್ಲ. ಹೀಗಾಗಿ ದಿನವೂ ಬೆಳಿಗ್ಗೆ ಮಾವನವರನ್ನು ಪಾರ್ಕಿಗೆ ಬಿಡಬೇಕು, ಗಂಡನನ್ನು ಅವನು ಲೆಕ್ಕ ಹೇಳಿಕೊಡುವ ಶಾಲೆಗೆ ಬಿಡಬೇಕು, ಮೈದುನನನ್ನು ಜಿಮ್ಮಿಗೆ ಬಿಡಬೇಕು. ಒಬ್ಬರು ನಡೆಯುವುದಕ್ಕೆ ಕಾರಿನಲ್ಲಿ ಹೋಗುತ್ತಿದ್ದರು, ಇನ್ನೊಬ್ಬ ಓಡುವುದಕ್ಕೆ ಕಾರಿನಲ್ಲಿ ಹೋಗುತ್ತಿದ್ದ. ಎಂಜಿನ್ ಶುರುವಾದ ಮೇಲೆ ಗಂಡನಿಗೆ ಕನ್ನಡಕದ ನೆನಪಾಗುವುದು. ಮೈದುನ ಬಾಗಿಲಲ್ಲಿ ನಿಂತು ತಲೆ ಬಾಚುವನು. ಮಾವನವರು ದಾರಿಯಲ್ಲಿ "ಆ ಕಡೆಯಿಂದಲೇ ಹೋಗಮ್ಮ, ಅವನು ಎದ್ದನೋ ಇಲ್ಲವೋ ನೋಡೋಣ" ಎಂದು ಗೆಳೆಯನ ಮನೆಯ ಮುಂದೆ ಹಾರ್ನ್ ಹೊಡೆಸುವರು.

ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಗಾದೆ ಯಾರ ಮನೆಯಲ್ಲಿ ಹುಟ್ಟಿತೋ, ಅವಳ ಮನೆಯಲ್ಲಂತೂ ಅದು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿತ್ತು. ಆದರೂ ಬಾಯಿಬಿಟ್ಟು ಹೇಳುವುದು ಹೇಗೆ? ಮಾವನವರು ಕೆಟ್ಟವರಲ್ಲ. ಪಾರ್ಕಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ "ನನ್ನ ಸೊಸೆ ನಮ್ಮನೆ ಸಾರಥಿ" ಎಂದು ಹೇಳಿಕೊಳ್ಳುತ್ತಿದ್ದರು. ಬೈದು ಕಟ್ಟಿದ ಹಗ್ಗವಾದರೆ ಕಿತ್ತು ಬರಬಹುದು. ಹೊಗಳಿ ಕಟ್ಟಿದ್ದನ್ನು ಕೀಳುವುದು ಕಷ್ಟ. ಅದಕ್ಕೇ ಅವಳು ಪೆಟ್ರೋಲನ್ನು ಮುಂದೆ ಮಾಡಿಕೊಂಡಿದ್ದಳು.

ಶನಿವಾರ ಮಧ್ಯಾಹ್ನ ಗಂಡ "ಆಯ್ತು, ನೋಡ್ಕೊಂಡಾದ್ರೂ ಬರೋಣ" ಎಂದ. ಮೈದುನನೂ ಹೊರಟ. ಸ್ಕೂಟರ್ ಅಂಗಡಿಗೂ ಅವರನ್ನು ಅವಳೇ ಕಾರಿನಲ್ಲಿ ಕರೆದುಕೊಂಡು ಹೋದಳು.

ಅಂಗಡಿಯವನು ಅವಳ ಗಂಡನ ಕೈ ಕುಲುಕಿದ. ಮೈದುನ ಎಲ್ಲಕ್ಕಿಂತ ದೊಡ್ಡ ಗಾಡಿಯ ಮೇಲೆ ಹತ್ತಿ ಕೂತು, "ಕೀ ಕೊಡಿ, ಒಂದು ರೌಂಡು ನೋಡೋಣ" ಎಂದ.

"ಲೈಸೆನ್ಸ್ ಸಾರ್?"

ಮೈದುನ ಅಣ್ಣನ ಮುಖ ನೋಡಿದ. ಅಣ್ಣ ನೆಲದ ಹಾಸುಗಲ್ಲು ನೋಡಿದ. ಅವಳು ಚೀಲದಿಂದ ಕಾರಿಗೂ ಸ್ಕೂಟರಿಗೂ ಸೇರಿದ ತನ್ನ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟಳು. ಅಂಗಡಿಯವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮತ್ತೆ ಗಂಡನ ಕಡೆಗೇ ತಿರುಗಿದ. "ಹಿಂದಿನ ಸೀಟು ಉದ್ದ ಇದೆ ಸಾರ್. ಮೇಡಂ ಆರಾಮಾಗಿ ಕೂರಬಹುದು."

ಅವಳು ಲೈಸೆನ್ಸ್ ಎತ್ತಿಕೊಂಡು ಒಳಗೆ ನಡೆದಳು. ಗೋಡೆಯ ಮೂಲೆಯಲ್ಲಿ, ಪೆಟ್ಟಿಗೆಗಳ ಹಿಂದೆ, ಬೂದು ಬಣ್ಣದ ಪುಟ್ಟ ಸ್ಕೂಟರೊಂದು ನಿಂತಿತ್ತು. ಒಬ್ಬರು ಕೂರುವಷ್ಟೇ ಸೀಟು. ಹಿಂದೆ ಸಾಮಾನು ಕಟ್ಟಲು ಕಬ್ಬಿಣದ ಚೌಕಟ್ಟು.

"ಅದು ಬೇಡ ಮೇಡಂ, ಒಬ್ಬರಿಗೇ ಆಗೋದು. ಯಾರೂ ಕೇಳಲ್ಲ."

"ನಾನು ಕೇಳ್ತಿದೀನಿ," ಎಂದಳು.

ಮೈದುನ ನಗುತ್ತ ಬಂದ. "ಏನತ್ತಿಗೆ, ಇದು ಗಾಡಿನೋ ಹೊಲಿಗೆ ಮಿಷಿನ್ನೋ? ನಾನೆಲ್ಲಿ ಕೂರ್ಲಿ, ಆ ಕಬ್ಬಿಣದ ಮೇಲಾ? ಅಪ್ಪನ್ನ ಹಗ್ಗ ಹಾಕಿ ಕಟ್ತೀರಾ?"

ಗಂಡನೂ ನಕ್ಕ. ಅಂಗಡಿಯವನು ವ್ಯಾಪಾರಕ್ಕೆ ಬೇಕಾದಷ್ಟು ನಕ್ಕ. ಆಮೇಲೆ ಮೈದುನನ ಮುಖ ಒಮ್ಮೆಲೇ ಬೆಳಗಿತು.

"ಅತ್ತಿಗೆ, ನಿಮ್ಮ ತಾಪತ್ರಯ ಪೆಟ್ರೋಲ್ ತಾನೇ? ಇನ್ಮೇಲೆ ಪೆಟ್ರೋಲ್ ನಾನು, ಅಣ್ಣ, ಅಪ್ಪ ಹಾಕಿಸ್ತೀವಿ. ನೀವು ಬರೀ ಓಡಿಸಿ. ಸ್ಕೂಟರೂ ಬೇಡ ಏನೂ ಬೇಡ. ಮುಗೀತಲ್ಲ?"

"ನೋಡು, ಎಷ್ಟು ಸುಲಭ ಇತ್ತು," ಎಂದು ಗಂಡ ನಿಟ್ಟುಸಿರು ಬಿಟ್ಟ. "ಇಷ್ಟಕ್ಕೆ ಮೂರು ವಾರ ತಲೆ ತಿಂದೆ."

ಅವಳು ಹೆಣೆದ ಬಲೆಗೆ ಅವಳೇ ಬಿದ್ದಿದ್ದಳು. ಹಿಡಿದುಕೊಂಡಿದ್ದ ಒಂದೇ ಒಂದು ನೆಪವನ್ನು ಅವರು ಉಪಕಾರದ ಹೆಸರಿನಲ್ಲಿ ಕಸಿದುಕೊಂಡಿದ್ದರು. ಈಗ ತಲೆಯಾಡಿಸಿದರೆ ಇನ್ನು ಹತ್ತು ವರ್ಷ ಅವಳು ಬರೀ ಓಡಿಸಬೇಕು, ಅದೂ ಋಣ ಹೊತ್ತುಕೊಂಡು.

"ಪೆಟ್ರೋಲ್ ಅಲ್ಲ," ಎಂದಳು. "ನೀವು."

"ನಾವಾ?" ಎಂದ ಮೈದುನ.

"ಮನೆಯಿಂದ ಆಸ್ಪತ್ರೆಗೆ ಎಷ್ಟು ದೂರ ಅಂತ ಗೊತ್ತಾ ನಿಂಗೆ? ನೀವು ಹೇಳಿ, ಲೆಕ್ಕದ ಮೇಷ್ಟ್ರು. ನನಗೂ ಗೊತ್ತಿಲ್ಲ. ಒಂದು ದಿನವೂ ನೇರವಾಗಿ ಹೋದವಳಲ್ಲ, ಬರುವಾಗಲೂ ನಿಮ್ಮನ್ನೆಲ್ಲ ಹತ್ತಿಸಿಕೊಂಡೇ ಬರ್ತೀನಿ. ಇನ್ನೊಂದು ಸಲ ತಡವಾದ್ರೆ ನನ್ನನ್ನ ಒಗೆಯೋ ಕಡೆ ಹಾಕ್ತಾರೆ. ನೀನು ಕ್ರಾಪು ತೀಡ್ತಾ ನಿಂತಿರ್ತೀಯಲ್ಲ, ಅದಕ್ಕೆ. ನಿಮ್ಮ ಕನ್ನಡಕಕ್ಕೆ. ಮಾವನವರ ಗೆಳೆಯರು ಎದ್ರೋ ಇಲ್ವೋ ಅನ್ನೋದಕ್ಕೆ."

"ಮೆಲ್ಲಗೆ ಮಾತಾಡು, ಜನ ನೋಡ್ತಿದಾರೆ," ಎಂದ ಗಂಡ.

"ನೋಡಲಿ. ಮನೇಲಿ ಯಾರೂ ನೋಡ್ಲಿಲ್ಲ."

"ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅತ್ತಿಗೆ."

"ಹೇಳ್ಬೇಕಿತ್ತು. ಆ ತಪ್ಪು ನಂದೇ. ಈಗ ಹೇಳ್ತಿದೀನಿ."

ಅವಳು ಅಂಗಡಿಯವನ ಕಡೆ ತಿರುಗಿ, ಇದು ಯಾವಾಗ ಸಿಗತ್ತೆ ಎಂದು ಕೇಳಿದಳು. ಅವನು ಅಭ್ಯಾಸಬಲದಿಂದ ಗಂಡನ ಮುಖ ನೋಡಿದ. "ಅವರಿಗೆ ಓಡಿಸೋಕೆ ಬರಲ್ಲ," ಎಂದಳು. "ನನ್ನ ನೋಡಿ ಹೇಳಿ."

"ಗುರುವಾರ ಮೇಡಂ."

ವಿಷಯ ಕೇಳಿ ಮಾವನವರು "ನಾನೇನು ನಿನಗೆ ಭಾರವಾದೆನೇನಮ್ಮ" ಎಂದರು. ಆ ಮಾತು ಅವಳಿಗೆ ಚುಚ್ಚಿತು. "ನಿಮಗೆ ಸುಸ್ತಾದ ದಿನ ಸಂಜೆ ಕಾರಲ್ಲೇ ಕರ್ಕೊಂಡು ಹೋಗ್ತೀನಿ ಮಾವ. ಬೆಳಿಗ್ಗೆ ಮಾತ್ರ ಆಗಲ್ಲ," ಎಂದಳು. ಅವರು ನಾಲ್ಕು ದಿನ ಅವಳೊಡನೆ ಮಾತು ಬಿಟ್ಟರು. ಗಂಡ ಮಾತಾಡಿದ. ಅವನ ಬಾಯಲ್ಲಿದ್ದದ್ದು ಒಂದೇ, ಅಂಗಡಿಯಲ್ಲಿ ಹಾಗೆ ಮರ್ಯಾದೆ ಕಳೆಯಬಾರದಿತ್ತು ಎಂಬುದು.

ಶುಕ್ರವಾರ ಎಂದಿನ ಹೊತ್ತಿಗೇ ಅವಳು ಹೊಸ ಸ್ಕೂಟರಿನಲ್ಲಿ ಮನೆ ಬಿಟ್ಟಳು. ಮೂವರೂ ಬಸ್ಸಿನ ವೇಳೆ ಹುಡುಕುತ್ತ ಒಬ್ಬರ ಮೇಲೊಬ್ಬರು ರೇಗುತ್ತಿದ್ದರು. ಹೆಲ್ಮೆಟ್ಟಿನೊಳಗೆ ಆ ಸದ್ದು ಕೇಳಲಿಲ್ಲ. ಸೇತುವೆ ಇಳಿದು, ಗಡಿಯಾರದ ಅಂಗಡಿಯ ಮುಂದೆ ಎಡಕ್ಕೆ ಹೊರಳಿದರೆ ಆಸ್ಪತ್ರೆ ಎದುರಿಗೇ ನಿಂತಿತ್ತು. ದಾರಿ ತಪ್ಪಿ ಬೇರೆ ಯಾವುದೋ ಆಸ್ಪತ್ರೆಗೆ ಬಂದೆನೇನೋ ಎಂದು ಅವಳಿಗೆ ಗಾಬರಿಯಾಯಿತು. ಕೈಗಡಿಯಾರ ನೋಡಿದಳು. ಹನ್ನೊಂದು ನಿಮಿಷ.

ಸಂತೋಷವಾಗಬೇಕಿತ್ತು. ಆಗಲಿಲ್ಲ. ಬೀಗ ಹಾಕಿದ ಯಂತ್ರದ ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತಾಗ ಶನಿವಾರದ ಸಿಟ್ಟು ಏನೂ ಅಲ್ಲ ಎನಿಸುವಂಥ ಸಿಟ್ಟು ಬುಡದಿಂದ ಎದ್ದು ಬಂತು. ಹನ್ನೊಂದು ನಿಮಿಷದ ದಾರಿ. ಇಷ್ಟಕ್ಕೆ ಅವಳು ಹನ್ನೆರಡು ವರ್ಷ ಏದುಸಿರು ಬಿಟ್ಟುಕೊಂಡು ಓಡಿದ್ದಳು. ಪ್ರತಿ ದಿನ ಯಾರಾದರೊಬ್ಬರ ಕ್ಷಮೆ ಕೇಳಿದ್ದಳು.

ದೊಡ್ಡ ನರ್ಸು ಬೀಗದ ಕೈ ತಂದಳು. ಗೋಡೆಯ ಗಡಿಯಾರ ನೋಡಿ, ಅವಳನ್ನು ನೋಡಿ, ಬಾಗಿಲು ತೆಗೆದಳು. ಅವಳು ಕೈ ತೊಳೆದು ಕತ್ತರಿಗಳನ್ನು ತಟ್ಟೆಗೆ ಎಣಿಸಿ ಹಾಕತೊಡಗಿದಳು. ಒಂದೊಂದೂ ರಪ್ಪನೆ ಬಿದ್ದು ಉಕ್ಕಿನ ತಟ್ಟೆ ಗಲಗಲ ಸದ್ದು ಮಾಡಿತು.

"ಯಾಕಿಷ್ಟು ಅವಸರ? ನಿಧಾನಕ್ಕೆ ಮಾಡು. ಇನ್ನೂ ಹೊತ್ತಿದೆ," ಎಂದಳು ದೊಡ್ಡ ನರ್ಸು.

ಅವಳು ಎಣಿಸಿದ್ದನ್ನೆಲ್ಲ ಹೊರಗೆ ಸುರಿದು, ಮೊದಲಿನಿಂದ ಎಣಿಸಿದಳು.