ಸಿಡುಕಜ್ಜನ ಕೊನೆಯ ಬೈಗುಳ

ತಮ್ಮ ತೀರಿಕೊಂಡನೆಂದು ವಾರ್ಡಿನಿಂದ ಫೋನು ಬಂದಾಗ ನಿವೃತ್ತಿಯಾದ ಮೇಲೂ ಪಾಠ ಬಿಡದ ಟೀಚರಮ್ಮ ನರ್ಸಿಂಗ್ ಶಾಲೆಯ ತರಗತಿಯಲ್ಲಿದ್ದರು. ಕೈಗಂಟಿದ ಸೀಮೆಸುಣ್ಣವನ್ನೂ ಒರೆಸಿಕೊಳ್ಳದೆ ರಸ್ತೆ ದಾಟಿ ಆಸ್ಪತ್ರೆಗೆ ಬಂದರು. ಸಕ್ಕರೆ ಕಾಯಿಲೆಗೆಂದು ಸೇರಿಸಿದ್ದ ತಮ್ಮನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಪಕ್ಕದ ಮೇಜಿನ ಮೇಲೆ ಬೆಳಗಿನ ತಿಂಡಿಯ ತಟ್ಟೆ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು.

"ಹೃದಯ ನಿಂತುಹೋಯ್ತು ಮೇಡಂ. ವಯಸ್ಸಾಗಿತ್ತಲ್ವಾ," ಎಂದಳು ವಾರ್ಡಿನ ಹಿರಿಯ ನರ್ಸು. ಅವಳೂ ಒಂದು ಕಾಲಕ್ಕೆ ಟೀಚರಮ್ಮನ ಶಿಷ್ಯೆಯೇ.

"ಎಲ್ಲರ ಹೃದಯಾನೂ ಕೊನೆಗೆ ನಿಲ್ಲತ್ತೆ. ಇನ್ಸುಲಿನ್ ಕೊಟ್ಟವರು ಯಾರು?"

ಬಾಗಿಲ ಬಳಿ ನಿಂತಿದ್ದ ವಿದ್ಯಾರ್ಥಿನಿ ಬಿಕ್ಕಿದಳು. "ನಾನು ಮೇಡಂ. ಡಾಕ್ಟರು ಬರೋದ್ರೊಳಗೆ ಎಲ್ಲರಿಗೂ ಚುಚ್ಚಿ ಮುಗಿಸು ಅಂತ ಸಿಸ್ಟರ್ ಅಂದಿದ್ರು. ತಿಂಡಿ ಇನ್ನೂ ಬಂದಿರ್ಲಿಲ್ಲ. ಅಷ್ಟರಲ್ಲಿ ಅಜ್ಜನ್ನ ಸ್ಕ್ಯಾನಿಂಗ್‌ಗೆ ಕರ್ಕೊಂಡು ಹೋಗಿ ಸಾಲಲ್ಲಿ ಕೂರಿಸಿಬಿಟ್ರು. ವಾಪಸ್ ಬಂದಾಗ ಮೈಯೆಲ್ಲ ಬೆವರು, ಕೈ ನಡುಕ. ನೀರು ಕೊಟ್ರೆ ಲೋಟ ಎಸೆದ್ರು. ಬಾಯಿಗೆ ಬಂದಂಗೆ ಬೈದ್ರು."

"ನೀವೇನು ಮಾಡಿದ್ರಿ?"

"ನಕ್ವಿ ಮೇಡಂ. ಸಿಡುಕಜ್ಜನಿಗೆ ಇವತ್ತು ಪಿತ್ತ ನೆತ್ತಿಗೇರಿದೆ ಅಂತ... ಆಮೇಲೆ ಕಣ್ಣು ಮುಚ್ಚಿದ್ರು. ಸದ್ಯ, ನಿದ್ದೆ ಬಂತಲ್ಲ ಅಂದ್ಕೊಂಡ್ವಿ."

ಟೀಚರಮ್ಮನ ಮೈ ಉರಿದುಹೋಯಿತು. ತಮ್ಮ ಹುಟ್ಟಾ ಮುಂಗೋಪಿ, ನಿಜ. ಹಾಸಿಗೆಯ ಸುಕ್ಕಿಗೂ ರೇಗುವವನು. ಆದರೆ ಸಕ್ಕರೆ ಇಳಿದು ಮೆದುಳು ಹಸಿದರೆ ಎಂಥ ಸಾಧುವೂ ಹೀಗೆಯೇ ಕೂಗಾಡುತ್ತಾನೆಂದು ತರಗತಿಯಲ್ಲಿ ಎಷ್ಟು ಗಂಟಲು ಹರಿದುಕೊಂಡಿದ್ದರು!

"ಅದು ಸಿಟ್ಟಲ್ಲ ಕಣೇ, ಪ್ರಾಣ ಕೂಗ್ಕೊಳ್ತಿತ್ತು! ಬೆರಳು ಚುಚ್ಚಿ ರಕ್ತ ನೋಡೋಕೆ ನಿಮಗೇನು ಧಾಡಿ? ನುಂಗೋ ಶಕ್ತಿ ಇದ್ದಾಗ್ಲೇ ಸಕ್ಕರೆ ನೀರು ಕುಡಿಸಿದ್ರೆ ಎದ್ದು ಕೂತು ಇನ್ನೂ ನಾಲ್ಕು ಬೈತಿದ್ದ!"

"ಹುಡುಗಿ ತಪ್ಪು ಮೇಡಂ. ಇವತ್ತೇ ಮನೆಗೆ ಕಳಿಸ್ತೀನಿ," ಎಂದಳು ಹಿರಿಯ ನರ್ಸು, ದನಿ ತಗ್ಗಿಸಿ.

"ಬಾಯಿ ಮುಚ್ಚು. ಊಟ ಕಣ್ಣಿಗೆ ಕಾಣೋವರೆಗೂ ಸೂಜಿ ಮುಟ್ಟಬೇಡ ಅಂತ ನಿನಗೆ ಕಲಿಸಿದ್ದು ನಾನು. ಇವಳಿಗೆ ಅವಸರ ಕಲಿಸಿದ್ದು ನೀನು. ಡಾಕ್ಟರ ಮುಂದೆ ಇಬ್ಬರೂ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ. ಹೃದಯ ಗಿದಯ ಅಂದ್ರೆ ನಾನು ಸುಮ್ನಿರೋಳಲ್ಲ."

ಹಿರಿಯ ನರ್ಸಿನ ಮುಖ ಕಪ್ಪಿಟ್ಟಿತು. ಅವಳು ಹುಡುಗಿಯ ಕೈ ಹಿಡಿದುಕೊಂಡು ಡಾಕ್ಟರ ಕೋಣೆಯ ಕಡೆ ನಡೆದಳು.

ಟೀಚರಮ್ಮ ಬಟ್ಟೆ ಸರಿಸಿದರು. ತಮ್ಮನ ಹುಬ್ಬು ಗಂಟಿಕ್ಕಿಕೊಂಡೇ ಇತ್ತು. ಅವನ ಹಣೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದರು.

"ದೇವರೇ, ಹಸಿದು ಬರ್ತಿದ್ದಾನೆ. ಬೈದರೆ ಬೇಜಾರು ಮಾಡ್ಕೋಬೇಡ. ಮೊದಲು ಉಣ್ಣಿಸು. ಆಮೇಲೆ ನೆಮ್ಮದಿಯಾಗಿ ಮಲಗಿಸು."