ತಿಕ್ಕಿ ತೊಳೆದ ಜಾಳಿಗೆ

ಕೇಳದೆಯೇ ಇನ್ನೊಬ್ಬರ ಅಂಗಡಿಯ ಸಾಮಾನು ತೊಳೆದಿಟ್ಟದ್ದು ಅಧಿಕಪ್ರಸಂಗವಾಯಿತೇನೋ ಎಂದು ಮಧುಮತಿ ಶನಿವಾರ ಬೆಳಿಗ್ಗೆ ಡೈರಿಯಲ್ಲಿ ಬರೆದುಕೊಂಡಳು. ಬರೆದದ್ದನ್ನು ಓದಿ ಅವಳಿಗೇ ನಾಚಿಕೆಯಾಯಿತು. ಎರಡು ಡಿಗ್ರಿ ಮುಗಿಸಿದವಳು ಇಂಥದ್ದಕ್ಕೆಲ್ಲ ಅಳುಕುವುದೇ? ಆದರೂ ಆ ಸಾಲನ್ನು ಹೊಡೆದುಹಾಕಲಿಲ್ಲ.

ಬಾಗಲಕೋಟೆಯ ಹುಡುಗಿ. ಸ್ಟುಟ್‌ಗಾರ್ಟಿನಲ್ಲಿ ನಗರ ಯೋಜನೆ ಓದಿ ಮುಗಿಸಿದ್ದಳು. ಕೆಲಸ ಹುಡುಕಿಕೊಳ್ಳಲು ಸಿಕ್ಕ ಹದಿನೆಂಟು ತಿಂಗಳ ವೀಸಾದಲ್ಲಿ ಹನ್ನೊಂದು ಕಳೆದುಹೋಗಿದ್ದವು. ಹೊಟ್ಟೆಪಾಡಿಗೆಂದು ಬೊಬ್ಲಿಂಗೆನ್‌ನಲ್ಲಿ ಫ್ರಾವ್ ಕೆಸ್ಲರ್ ಎಂಬಾಕೆಯ ವೇಪ್ ಅಂಗಡಿಯಲ್ಲಿ ನಿಲ್ಲುತ್ತಿದ್ದಳು. ಊರಲ್ಲಿ ಅವ್ವನಿಗೆ ‘ಎಲೆಕ್ಟ್ರಾನಿಕ್ಸ್ ಅಂಗಡಿ’ ಅಂತ ಹೇಳಿದ್ದಳು. ಹೊಗೆ ಸೇದುವ ಯಂತ್ರ ಮಾರುತ್ತೇನೆ ಎನ್ನಲು ಬಾಯಿ ಬಂದಿರಲಿಲ್ಲ.

ಅಲ್ಲಿಗೆ ಬರುವವರಲ್ಲಿ ಒಂದು ಜಾತಿಯವರು ಎಲ್ಲವನ್ನೂ ತಾವೇ ಕಟ್ಟಿಕೊಳ್ಳುವವರು. ತಂತಿ ಸುತ್ತಿ ಸುರುಳಿ ಮಾಡಿ, ಅದರ ನಡುವೆ ಸ್ಟೀಲಿನ ಸಣ್ಣ ಜಾಳಿಗೆಯನ್ನು ಬತ್ತಿಯಂತೆ ಹೊಸೆದು ನಿಲ್ಲಿಸುತ್ತಾರೆ. ಬತ್ತಿ ರಸವನ್ನು ಮೇಲಕ್ಕೆಳೆಯುತ್ತದೆ, ಸುರುಳಿ ಕಾದು ಅದನ್ನು ಆವಿ ಮಾಡುತ್ತದೆ. ಗುರುವಾರ ಡಬ್ಬಿಯೊಂದನ್ನು ಒರೆಸುವಾಗ ಇಂಥ ಜಾಳಿಗೆಯ ತುಂಡುಗಳು ಅವಳ ಕಣ್ಣಿಗೆ ಬಿದ್ದವು. ಒಂದೊಂದೂ ಮಸಿ ಹಿಡಿದ ಬೋಗುಣಿಯ ತಳದ ಹಾಗೆ ಕರ್ರಗೆ. ಇಂಥದ್ದನ್ನು ಗಿರಾಕಿಯ ಕೈಗೆ ಕೊಡುವುದೇ? ಹುಣಸೆಹಣ್ಣು, ಬೂದಿ ಹಚ್ಚಿ ತಾಮ್ರದ ಹಂಡೆಯಲ್ಲಿ ಮುಖ ಕಾಣುವ ಹಾಗೆ ತಿಕ್ಕುವ ಮನೆಯಲ್ಲಿ ಬೆಳೆದವಳು ಅವಳು. ಕಾಫಿ ಯಂತ್ರ ತೊಳೆಯುವ ಹುಳಿಪುಡಿಯಲ್ಲಿ ನೆನೆಸಿ, ತಂತಿನಾರಿನಿಂದ ಮೆಲ್ಲಗೆ ಉಜ್ಜಿ, ಬೆಳ್ಳಿಯಂತೆ ಮಾಡಿ, ಫ್ರಾವ್ ಕೆಸ್ಲರ್ ‘ಫೆರ್ಟಿಗ್’, ಅಂದರೆ ತಯಾರು, ಎಂದು ಬರೆದಿಟ್ಟಿದ್ದ ಪೊಟ್ಟಣಗಳಿಗೇ ಮರಳಿ ತುಂಬಿದಳು. ಎರಡು ತುಂಡು ಮಾತ್ರ ತೊಳೆಯದೆ ಕರ್ರಗೇ ಉಳಿದವು, ಹೊತ್ತಾಗಿತ್ತು.

ಶುಕ್ರವಾರ ಸಂಜೆ ಉದಯಕುಮಾರ ಬಂದ. ಸಿಂಡೆಲ್‌ಫಿಂಗೆನ್‌ನಲ್ಲಿ ಕಾರು ಕಂಪನಿಯ ಎಂಜಿನಿಯರು, ಮುಧೋಳದ ಕಡೆಯವ. ಈ ದೇಶಕ್ಕೆ ಬಂದಾಗ ಅವಳಿಗೆ ರೂಮು ಹುಡುಕಿಕೊಟ್ಟಿದ್ದವನೂ ಅವನೇ.

“ತಂಗಿ, ನಾ ಇಲ್ಲಿಗೆ ಬಂದದ್ದು ನಿಮ್ಮ ವೈನಿಗೆ ಗೊತ್ತಾಗಬಾರದು ನೋಡವಾ” ಎಂದು ಮೊದಲೇ ನಕ್ಕ. “ಸಿಗರೇಟ್ ಬಿಟ್ಟೀನಿ ಅಂತ ಆಕಿ ತಿಳಕೊಂಡಾಳ. ಬಿಟ್ಟೀನಿ, ಸುಳ್ಳಲ್ಲ. ಇದನ್ನ ಹಿಡದೀನಿ ಅಂತ ಹೇಳಿಲ್ಲ, ಅಷ್ಟ.”

“ಯಾವ ಜಾಳಗಿ ಬೇಕಾಗಿತ್ತರಿ ಅಣ್ಣಾರ?”

“ನೀನs ಹೇಳು. ನನ್ನ ರಸ ಕಾಕಂಬಿಯಂಗ ದಪ್ಪ ಐತಿ.”

“ಹಂಗಾದ್ರ ಐನೂರು ಕಣ್ಣಿಂದು ಬ್ಯಾಡ್ರಿ. ಅದು ಮೈದಾ ಜರಡಿ ಇದ್ದಂಗ, ದಪ್ಪ ರಸ ಮ್ಯಾಲ ಏರೂದಿಲ್ಲ. ಮುನ್ನೂರಾ ಇಪ್ಪತ್ತೈದರದು ತಗೋರಿ, ರವಾ ಜರಡಿಯಂಗ.”

“ಭೇಷ್, ಕಲತೀ ಬಿಡು!” ಕರಿಯ ತುಂಡೊಂದನ್ನು ಎತ್ತಿ ಮೂಗು ಮುರಿದು ಕೆಳಗಿಟ್ಟ. “ಈ ಒಲಿ ಮಸಿ ಯಾರಿಗೆ ಬೇಕು? ಆ ಹೊಳಿಯೂದು ಕೊಡು. ತಯಾರ ಐತೇನ?”

“ಫೆರ್ಟಿಗ್ ಅಂತ ಬರದಾರ್ರಿ.”

“ಮುಗೀತು. ನಾಳಿ ಮೂರಕ್ಕ ತಾಯಿ ಮಗಳು ಈಜಾಕ ಹೊಕ್ಕಾರ. ಆವಾಗ ನೆಲಮಾಳಗ್ಯಾಗ, ಕೆಲ್ಲರ್‌ನಾಗ ಕುಂತು ಕಟ್ತೀನಿ.” ಹೋಗುವ ಮುಂಚೆ ತನ್ನ ಯಂತ್ರವನ್ನು ಹೆಮ್ಮೆಯಿಂದ ತೋರಿಸಿದ. ಬರೀ ಹಿತ್ತಾಳೆಯ ಕೊಳವೆ, ಒಳಗೊಂದು ಬ್ಯಾಟರಿ, ಬುಡದಲ್ಲೊಂದು ಗುಂಡಿ. “ಫೋನಿಗೆ ಏನೂ ಬರಿಬ್ಯಾಡ ಮತ್ತ. ನನ್ನ ಫೋನು ನಮ್ಮ ಮಗಳು ಪವಿ ಕೈಯಾಗs ಇರ್ತೈತಿ.”

ಶನಿವಾರ ಎರಡು ಗಂಟೆಗೆ ಫ್ರಾವ್ ಕೆಸ್ಲರ್ ಡಬ್ಬಿ ತೆರೆದು ಹಾಗೇ ನಿಂತುಬಿಟ್ಟಳು. ಕರೆಂಟು ಹರಿಯುತ್ತದೆಯೇ ಎಂದು ನೋಡುವ ಮೀಟರು ತಂದು ಹೊಳೆಯುವ ತುಂಡಿಗೆ ಎರಡು ಕಡ್ಡಿ ಮುಟ್ಟಿಸಿದಳು. ಮೀಟರು ಕೀಂಯ್ ಎಂದಿತು. ಕರಿಯ ತುಂಡಿಗೆ ಮುಟ್ಟಿಸಿದಾಗ ಸದ್ದಿಲ್ಲ.

“ಇದನ್ನೆಲ್ಲ ನಾನು ಬೆಂಕಿಯಲ್ಲಿ ಕಾಯಿಸಿ ಕಾಯಿಸಿ ಕಪ್ಪು ಮಾಡಿದ್ದು” ಎಂದಳು ಜರ್ಮನ್‌ನಲ್ಲಿ, ತನಗೆ ತಾನೇ ಹೇಳಿಕೊಳ್ಳುವಂತೆ. “ಆ ಕಪ್ಪೇ ಅದರ ಅಂಗಿ. ಅಂಗಿ ಇಲ್ಲದ ಜಾಳಿಗೆ ಸುರುಳಿಗೆ ತಾಗಿದರೆ ಕರೆಂಟು ನೇರ ಹರಿಯುತ್ತೆ. ಒಳಗೆ ಕಾವಲಿಗೆ ಎಲೆಕ್ಟ್ರಾನಿಕ್ ಚಿಪ್ ಇರುವ ಯಂತ್ರವಾದರೆ ತಾನೇ ಆರಿಹೋಗುತ್ತೆ. ಬರೀ ಕೊಳವೆಯಾದರೆ ಬ್ಯಾಟರಿ ಕೈಯಲ್ಲೇ ಸಿಡಿಯಬಹುದು. ಮಧು, ಇದನ್ನು ಯಾರು ಮುಟ್ಟಿದರು?”

ಮಧುಮತಿ ಲೆಕ್ಕ ಹಾಕಿದಳು. ಈ ಕೆಲಸ ಹೋದರೆ ಬಾಡಿಗೆ ಇಲ್ಲ. ಬಾಡಿಗೆ ಇಲ್ಲದಿದ್ದರೆ ಉಳಿದ ಏಳು ತಿಂಗಳೂ ಇಲ್ಲ. ಗೊತ್ತಿಲ್ಲವೆಂದು ತಲೆಯಲ್ಲಾಡಿಸಿದಳು.

“ಒಂದೂ ಮಾರಿಲ್ಲ ತಾನೇ?”

ಇಲ್ಲವೆಂದು ಮತ್ತೆ ತಲೆಯಲ್ಲಾಡಿಸಿದಳು. ಒಂದಕ್ಕೊಂದು ಜೋಡಿ ಸುಳ್ಳು, ಬಾಯಿ ತೆರೆಯದೆಯೇ.

ಹೊಟ್ಟೆನೋವೆಂದು ಹೇಳಿ ಹೊರಬಿದ್ದಳು. ಸ್ಟೇಷನ್ನಿನಲ್ಲಿ ಉದಯಕುಮಾರನಿಗೆ ಫೋನು ಹಚ್ಚಿದರೆ ಸ್ವಿಚ್ ಆಫ್. ‘ಅಣ್ಣಾರ, ನಿನ್ನೆ ಒಯ್ದದ್ದನ್ನ ಬಳಸಬ್ಯಾಡ್ರಿ’ ಎಂದು ಬರೆದು, ಅದನ್ನು ಮೊದಲು ಓದುವವಳು ಪವಿ, ಆಮೇಲೆ ಅವಳಮ್ಮ ಎಂದು ನೆನಪಾಗಿ ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಅಷ್ಟರಲ್ಲಿ ಒಂದು ಎಸ್-ಬಾನ್ ರೈಲು ಬಂದು ಹೋಗಿಯೇಬಿಟ್ಟಿತ್ತು. ಮುಂದಿನದಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಅವಳು ಅವನ ಕೈಯನ್ನು ನೂರು ಸಲ ಕಂಡಳು. ಅವಳ ಬಾಡಿಗೆ ಕಾಗದಕ್ಕೆ ಓಡಾಡಿ ಸಹಿ ಹಾಕಿಸಿಕೊಟ್ಟ ಕೈ ಅದು.

ಸಿಂಡೆಲ್‌ಫಿಂಗೆನ್‌ನ ಮನೆಯ ಗಂಟೆ ಒತ್ತಿದಾಗ ಮೂರೂಕಾಲು. ಬಾಗಿಲು ತೆರೆದದ್ದು ಅವನಲ್ಲ, ಅವನ ಹೆಂಡತಿ ರಚನಾ.

“ಏ ಮಧು! ಬಾರ ಒಳಗ. ಏನಿದು, ಹೇಳದ ಕೇಳದ? ಈಜಿನ ಕ್ಲಾಸು ಇವತ್ತಿಲ್ಲ ಅಂತ ಮೇಲ್ ಬಂತು, ಬರೋಬ್ಬರಿ ಹೊಂಡೂ ಹೊತ್ತಿಗೆ. ಕುಂದ್ರು, ಚುರಮುರಿ ಸುಸಲಾ ಮಾಡೀನಿ.”

“ಅಣ್ಣಾರ ಇಲ್ಲೇನ್ರಿ ವೈನಿ?”

“ಕೆಳಗ ಕೆಲ್ಲರ್‌ನಾಗ ಸೈಕಲ್ ರಿಪೇರಿ. ಆ ಸೈಕಲ್ಲಿಗೆ ಏನ್ ಜಡ್ಡು ಹತ್ತೇತೋ, ಪ್ರತಿ ಶನಿವಾರ ರಿಪೇರಿ.”

ಮಧುಮತಿ ಕುಳಿತಳು. ಹೇಳಲೆಂದೇ ಬಂದವಳು ತಟ್ಟೆ ತೆಗೆದುಕೊಂಡಳು. ಕೆಳಗಿಂದ ಒಂದು ಸಪ್ಪಳ ಬಂದೀತೇನೋ ಎಂದು ಕಿವಿಯೆಲ್ಲ ನೆಲಕ್ಕೇ ಇತ್ತು. ಎದ್ದು ಹೋಗಲೇ? ಏನೆಂದು ಹೋಗಲಿ? ರಚನಾ ಚಹಾ ಸೋಸುತ್ತ ಹೇಳುತ್ತಿದ್ದಳು: “ನಿಮ್ಮಣ್ಣ ಸಿಗರೇಟ್ ಬಿಟ್ಟು ಎರಡ ವರ್ಷಾತು. ನಾ ದಾನಮ್ಮಗ ಹರಕಿ ಹೊತ್ತಿದ್ದೆ. ಈ ಸಲ ಊರಿಗೆ ಹೋದಾಗ ತೀರಿಸಿ ಬರೂದು.” ಆ ಮುಖದ ನೆಮ್ಮದಿ ನೋಡಿ, ತುಟಿಯವರೆಗೆ ಬಂದ ಮಾತು ಚುರಮುರಿಯ ಜೊತೆ ಒಳಗಿಳಿಯಿತು. ಕೆಳಗೆ ಎಲ್ಲೋ ಏನೋ ಟಣ್ ಎಂದಿತು. ಮಧುಮತಿ ತಟ್ಟೆ ಹಿಡಿದೇ ಅರ್ಧ ಎದ್ದಳು.

“ಯಾಕ, ಮಾರಿ ಹಿಂಗ್ಯಾಕ ಬೆಳ್ಳಗಾಗೇತಿ? ಪವಿ, ಕೆಳಗ ಹೋಗಿ ಪಪ್ಪಾನ ಕರಕೊಂಡ ಬಾ, ಚಹಾ ಆರತೈತಿ ಅನ್ನು.”

ಒಂಬತ್ತು ವರ್ಷದ ಪವಿ “ಓಕೇ, ಮಮ್ಮಾ” ಎಂದು ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿತು.

ಆ ಪುಟ್ಟ ಹೆಜ್ಜೆಗಳ ಸದ್ದು ಕೆಳಕ್ಕೆ ಕೆಳಕ್ಕೆ ಹೋಯಿತು. ಮಧುಮತಿ ತಟ್ಟೆ ಎಲ್ಲಿಟ್ಟಳೋ, ಎದ್ದು ಓಡಿದಳು. ಹಿಂದಿನಿಂದ “ಏನಾತ? ಏ ಮಧು!” ಎನ್ನುತ್ತ ರಚನಾಳ ಚಪ್ಪಲಿಯ ಸದ್ದು.

ಕೆಲ್ಲರ್‌ನ ಬಾಗಿಲು ಅರ್ಧ ತೆರೆದಿತ್ತು. ಸೈಕಲ್ಲು ಗೋಡೆಗೊರಗಿ ಸುಖವಾಗಿತ್ತು. ಮೇಜಿನ ಮೇಲೆ ತಂತಿ, ಕತ್ತರಿ, ಹರಿದ ಪೊಟ್ಟಣ. ಕಟ್ಟಿ ಮುಗಿಸಿದ ಕೊಳವೆಯನ್ನು ಹಿಡಿದಿದ್ದ ಉದಯಕುಮಾರ ಮಗಳನ್ನು ಕಂಡು ಅದನ್ನು ಬೆನ್ನ ಹಿಂದೆ ಒಯ್ಯುವುದರಲ್ಲಿದ್ದ.

“ಪಪ್ಪಾ, ವಾಸ್ ಇಸ್ಟ್ ದಾಸ್?” ಏನದು ಎಂದು ಪವಿ ಕೇಳಿದಳು.

“ಇದಾ? ಇದು... ಟಾರ್ಚ್, ಪುಟ್ಟಿ. ಸೈಕಲ್ಲಿಗೆ.”

“ಲಾಸ್ ಮಿಖ್!” ತಾನೇ ಹಚ್ಚುತ್ತೇನೆ ಎಂದು ಪವಿ ಅವನ ಬೆನ್ನ ಹಿಂದೆ ನುಸುಳಿ ಕೊಳವೆಯನ್ನು ಕಿತ್ತುಕೊಂಡಳು. ಟಾರ್ಚಿನ ದೀಪ ಹುಡುಕುವವಳಂತೆ ಅದರ ತಲೆಯನ್ನು ಮುಖದೆದುರು ತಿರುಗಿಸಿದಳು. ಬುಡದ ಗುಂಡಿ ಅವಳ ಹೆಬ್ಬೆರಳಿಗೆ ಸಿಕ್ಕಿತು.

ಉದಯಕುಮಾರ ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿ ಕಲ್ಲಾಗಿದ್ದ. ಮಾತಾಡಬಲ್ಲವಳು ಒಬ್ಬಳೇ ಉಳಿದಿದ್ದಳು, ಬದುಕಿನಲ್ಲಿ ಎಂದೂ ನಾಲ್ಕು ಜನರೆದುರು ದನಿಯೆತ್ತದವಳು. ಮಧುಮತಿ ಧಾವಿಸಿ ಮಗುವಿನ ಮಣಿಕಟ್ಟು ಹಿಡಿದಳು, ಕೊಳವೆಯನ್ನು ಕಿತ್ತು ಸಿಮೆಂಟಿನ ಮೂಲೆಗೆಸೆದಳು. ಅದು ಉರುಳಿ ನಿಂತಿತು.

“ತಂಗಿ, ಏನಿದು?” ಉದಯಕುಮಾರನ ದನಿಯಲ್ಲಿ ಬೇಡಿಕೆಯಿತ್ತು. ಸುಮ್ಮನಿರು, ಏನಾದರೊಂದು ಹೇಳಿ ತೇಲಿಸು ಎಂಬ ಬೇಡಿಕೆ. ರಚನಾ ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ಪವಿಯ ತುಟಿ ಅಳುವಿಗೆ ನಡುಗುತ್ತಿತ್ತು.

ಮಧುಮತಿ ರಚನಾಳ ಕಡೆ ತಿರುಗಿದಳು. ದನಿ ನಡುಗಲಿಲ್ಲ.

“ಅದು ಟಾರ್ಚ್ ಅಲ್ಲರಿ ವೈನಿ, ಹೊಗಿ ಸೇದೂದು. ಒತ್ತಿದ್ರ ಸಿಡೀತಿತ್ತು, ಯಾಕಂದ್ರ ಅದರಾಗಿನ ಜಾಳಗಿ ಕೆಡಿಸಿದಾಕಿ ನಾನು.”